ಶಾಲೆಯಲ್ಲಿ ನೋಡಿದ ಆ ಸಿನಿಮಾ ಯಾವುದು? ಅರೆಬರೆ ನೆನಪಿನಿಂದ ಹುಡುಕುವ ಬಗೆ, ಕೊಡಗಿನವರಿಗಾಗಿ

‘ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಒಂದು ಸಿನಿಮಾ ತೋರಿಸಿದ್ದರು. ಪರದೆ ತುಂಬಾ ಒಂದು ದೊಡ್ಡ ಸೊಳ್ಳೆ ಬರುತ್ತಿತ್ತು. ಹೆಸರು ಗೊತ್ತಿಲ್ಲ. ಎಲ್ಲಿ ಸಿಗುತ್ತದೆ?’

ಮಡಿಕೇರಿ, ನಾಪೋಕ್ಲು, ಶನಿವಾರಸಂತೆ, ಸಿದ್ದಾಪುರ, ಎಲ್ಲಿಯ ಓದುಗರಾದರೂ ಕೇಳುವುದು ಹೆಚ್ಚುಕಮ್ಮಿ ಇದನ್ನೇ. ಸೊಳ್ಳೆಯ ಜಾಗದಲ್ಲಿ ಒಮ್ಮೆ ಬೀಜ ಮೊಳೆಯುವ ದೃಶ್ಯ, ಒಮ್ಮೆ ಚಂದ್ರನ ಮೇಲೆ ನಡೆಯುವವರು, ಒಮ್ಮೆ ಬಲೆಯನ್ನೇ ಎತ್ತಿಕೊಂಡು ಹಾರುವ ಹಕ್ಕಿಗಳು ಇರುತ್ತವೆ. ಉತ್ತರ ಸಿಗದವರಲ್ಲಿ ಹೆಚ್ಚಿನವರು ಚಿತ್ರದಲ್ಲಿ ಏನಿತ್ತು ಎಂಬುದನ್ನೇ ಹಿಡಿದು ಹುಡುಕಿರುತ್ತಾರೆ. ಸೊಳ್ಳೆಯ ಮೇಲೆ ಬಂದ ಶೈಕ್ಷಣಿಕ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಕೊಡಗಿನ ಶಾಲೆಯೊಂದಕ್ಕೆ ರೀಲು ಬಂದು ಸೇರುತ್ತಿದ್ದ ದಾರಿಗಳು ಬೆರಳೆಣಿಕೆಯಷ್ಟು. ಯಾವ ದಾರಿಯಲ್ಲಿ ಬಂತು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿಯಿತು, ಅದು ತಿಳಿಯುವುದು ಚಿತ್ರದ ನೆನಪಿಗಿಂತ ಚಿತ್ರ ತೋರಿಸಿದ ಕೋಣೆಯ ನೆನಪಿನಿಂದ. ಮುಂದಿನ ಹಂತಗಳೆಲ್ಲ ಈ ಲೆಕ್ಕಾಚಾರದ ಮೇಲೆಯೇ ನಿಂತಿವೆ.

ಬೇಕಾಗುವ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನ್ ಅಥವಾ ಕಂಪ್ಯೂಟರ್, ಅದೇ ಕ್ಲಾಸಿನಲ್ಲಿದ್ದ ಎರಡು ಮೂರು ಜನರ ಫೋನ್ ನಂಬರ್. ತಾಳ್ಮೆಯನ್ನು ನೀವೇ ಹೊಂದಿಸಿಕೊಳ್ಳಬೇಕು.

ಹಂತ 1: ಹುಡುಕುವ ಮೊದಲು ಬರೆದಿಡಿ

ಯೂಟ್ಯೂಬ್ ತೆರೆಯುವ ಮೊದಲೇ ಈ ಕೆಲಸ ಮುಗಿಸಿ. ನಾಲ್ಕು ಹಳೆಯ ಚಿತ್ರ ನೋಡಿದ ಮೇಲೆ ಅವುಗಳ ದೃಶ್ಯಗಳು ನಿಮ್ಮ ನೆನಪಿನೊಳಗೆ ಸೇರಿಕೊಳ್ಳುತ್ತವೆ. ಆಮೇಲೆ ಯಾವುದು ಆಗಿನದು, ಯಾವುದು ಈಗಿನದು ಎಂದು ಬೇರೆ ಮಾಡಲು ಬರುವುದಿಲ್ಲ.

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಚಿತ್ರದ ನೆನಪು, ಬಲಕ್ಕೆ ತೋರಿಸಿದ ಜಾಗದ ನೆನಪು. ಎಡಗಡೆ ಕಥೆ ಬರೆಯುವುದು ಬೇಡ. ಕಣ್ಣಿಗೆ ಕಟ್ಟಿದ ಒಂದೊಂದು ದೃಶ್ಯಕ್ಕೆ ಒಂದೊಂದು ಸಾಲು ಸಾಕು. ಬಲಗಡೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

– ಹಗಲೋ ರಾತ್ರಿಯೋ? ಕ್ಲಾಸಿನಲ್ಲೋ, ಮೈದಾನದಲ್ಲೋ, ಟಾಕೀಸಿನಲ್ಲೋ, ತೋಟದ ಲೈನ್‌ಮನೆಗಳ ಎದುರಿಗೋ?
– ಕಿಟಕಿಗೆ ಏನು ಮುಚ್ಚಿದ್ದರು? ಕಂಬಳಿಯೋ, ಕಪ್ಪು ಬಟ್ಟೆಯೋ?
– ಯಂತ್ರ ಎಲ್ಲಿತ್ತು? ಟರ್‌ರ್ ಎಂಬ ಸದ್ದು ಇತ್ತೇ? ಹೊರಗಡೆ ಜನರೇಟರ್ ಓಡುತ್ತಿತ್ತೇ?
– ಯಂತ್ರ ನಡೆಸಿದವರು ಮೇಷ್ಟ್ರೇ, ಹೊರಗಿನಿಂದ ಬಂದವರೇ?
– ನಡುವೆ ದೀಪ ಹಾಕಿ ರೀಲು ಬದಲಿಸಿದರೇ? ಎಷ್ಟು ಸಲ?
– ಅದೇ ದಿನ ಬೇರೆ ಚಿತ್ರವನ್ನೂ ತೋರಿಸಿದರೇ?
– ಮಳೆಗಾಲವೋ, ಹುತ್ತರಿ ಕಳೆದ ಮೇಲೋ?

ಕೊನೆಯದು ಕೊಡಗಿಗೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಯಲಿನಲ್ಲಿ ಪರದೆ ಕಟ್ಟುವ ಮಾತೇ ಇಲ್ಲ. ರಾತ್ರಿ, ಮೈದಾನ, ತಣ್ಣನೆ ಗಾಳಿ ಎಂದು ನೆನಪಿದ್ದರೆ ನವೆಂಬರ್–ಮಾರ್ಚ್ ನಡುವಿನ ಪ್ರದರ್ಶನ, ಬಹುಪಾಲು ಸರ್ಕಾರಿ ವ್ಯಾನಿನದು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ ಎಂದಾದರೆ ಶಾಲೆಯೊಳಗೆ, ಬಾಡಿಗೆ ಅಥವಾ ಎರವಲು ರೀಲು ತಂದು ತೋರಿಸಿದ್ದು.

ಹಂತ 2: ಅದು ನಿಜಕ್ಕೂ ಸಿನಿಮಾವೇ ಎಂದು ಖಚಿತ ಮಾಡಿಕೊಳ್ಳಿ

ಬಹಳ ಮಂದಿ ಎಡವುವುದು ಇಲ್ಲಿ. ಶಾಲೆಗಳಲ್ಲಿ ‘ಸಿನಿಮಾ’ ಎಂದು ತೋರಿಸುತ್ತಿದ್ದುದರಲ್ಲಿ ಗಣನೀಯ ಪಾಲು ಚಲಿಸುವ ಚಿತ್ರವೇ ಆಗಿರಲಿಲ್ಲ.

ಫಿಲ್ಮ್‌ಸ್ಟ್ರಿಪ್ ಎಂದರೆ 35 ಎಂ.ಎಂ. ಫಿಲ್ಮಿನ ಗಿಡ್ಡ ಸುರುಳಿ, ಅದರಲ್ಲಿ ಮೂವತ್ತು ನಲವತ್ತು ಸ್ಥಿರಚಿತ್ರಗಳು. ಮೇಷ್ಟ್ರು ಗುಬುಟು ತಿರುಗಿಸಿ ಒಂದೊಂದೇ ಚಿತ್ರ ತರುತ್ತಾ ಜೊತೆಗೆ ಬಂದ ಪುಸ್ತಿಕೆ ಓದಿ ವಿವರಿಸುತ್ತಿದ್ದರು. ಮಕ್ಕಳ ನೆನಪು ಆ ಚಿತ್ರಗಳಿಗೆ ಚಲನೆಯನ್ನೂ ಮಾತನ್ನೂ ತಾನೇ ಸೇರಿಸಿಕೊಂಡಿರುತ್ತದೆ. ಯಂತ್ರದ ಸದ್ದು ನೆನಪಿಲ್ಲ, ಮೇಷ್ಟ್ರ ದನಿ ಮಾತ್ರ ನೆನಪಿದೆ ಎಂದಾದರೆ ಫಿಲ್ಮ್‌ಸ್ಟ್ರಿಪ್ ಅಥವಾ ಸ್ಲೈಡ್ ಎಂದುಕೊಂಡೇ ಹೊರಡಿ. ಅವು ಚಲನಚಿತ್ರಗಳ ಪಟ್ಟಿಯಲ್ಲಿ ಎಂದೂ ಸಿಗುವುದಿಲ್ಲ. ಅವನ್ನು ಹುಡುಕಬೇಕಾದುದು ಶಾಲೆಯ ಬೀರುವಿನಲ್ಲಿ, ಹಳೆಯ ಪಾಠೋಪಕರಣಗಳ ದಾಸ್ತಾನಿನಲ್ಲಿ.

ಟಿ.ವಿ.ಯಲ್ಲಿ ನೋಡಿದ್ದು ಎನ್ನುವವರು ಇಸವಿ ನೋಡಿಕೊಳ್ಳಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದೇ 1981ರ ನವೆಂಬರ್‌ನಲ್ಲಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮ ಕೊಟ್ಟ ‘ಸೈಟ್’ ಪ್ರಯೋಗವನ್ನು ಎಲ್ಲೋ ಓದಿ, ‘ನಾವು ನೋಡಿದ್ದೂ ಅದೇ ಇರಬೇಕು’ ಎನ್ನುವವರಿದ್ದಾರೆ. ಕರ್ನಾಟಕದಲ್ಲಿ ಆ ಪ್ರಯೋಗ ನಡೆದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಕೊಡಗು ಅದರಲ್ಲಿ ಇರಲಿಲ್ಲ. ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ದೂರದರ್ಶನದಲ್ಲಿ ಬರತೊಡಗಿದ್ದು 1984ರ ಆಗಸ್ಟ್‌ನಲ್ಲಿ. ಅದು ಕಾಲೇಜು ಮಟ್ಟದ್ದು, ಇಂಗ್ಲಿಷಿನದು. ಮಧ್ಯಾಹ್ನ ಟಿ.ವಿ. ಹಾಕಿದಾಗ ಕಂಡ ವಿಜ್ಞಾನದ ತುಣುಕು ನಿಮ್ಮ ತಲೆಯಲ್ಲಿದ್ದರೆ ಇದನ್ನು ಪಟ್ಟಿಗೆ ಸೇರಿಸಿಕೊಳ್ಳಿ.

ಟಾಕೀಸಿನಲ್ಲಿ, ಬೆಳಗಿನ ಆಟಕ್ಕೆ ಶಾಲೆಯವರೇ ಸಾಲುಗಟ್ಟಿಸಿ ಕರೆದೊಯ್ದಿದ್ದರೆ ಅದು ಬಹುಶಃ ಪೂರ್ಣಾವಧಿಯ ಮಕ್ಕಳ ಚಿತ್ರ. 1955ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿಯ ಪಟ್ಟಿಯನ್ನು ಮೊದಲು ನೋಡಿ.

ಹಂತ 3: ರೀಲು ಯಾವ ದಾರಿಯಲ್ಲಿ ಬಂತು?

ಸಮಯ ಕೊಡಬೇಕಾದದ್ದು ಇಲ್ಲಿ. ಬಲಗಡೆಯ ಉತ್ತರಗಳನ್ನು ಕೆಳಗಿನ ದಾರಿಗಳ ಜೊತೆ ಹೋಲಿಸುತ್ತಾ ಹೋಗಿ.

ಕ್ಷೇತ್ರ ಪ್ರಚಾರ ಮತ್ತು ವಾರ್ತಾ ಇಲಾಖೆಯ ವ್ಯಾನ್. ರಾತ್ರಿ, ಮೈದಾನ ಅಥವಾ ಊರ ಮಂದ್, ಎರಡು ಕಂಬಗಳ ನಡುವೆ ಬಿಳಿ ಪರದೆ, ಜನರೇಟರ್, ಶುರುವಿಗೆ ಮುನ್ನ ಮೈಕಿನಲ್ಲಿ ಪ್ರಕಟಣೆ. ಕೇಂದ್ರ ಸರ್ಕಾರದ ಕ್ಷೇತ್ರ ಪ್ರಚಾರ ನಿರ್ದೇಶನಾಲಯವೂ ರಾಜ್ಯದ ವಾರ್ತಾ ಇಲಾಖೆಯೂ ಇಂಥ ಪ್ರದರ್ಶನ ನಡೆಸುತ್ತಿದ್ದವು. ತೋರಿಸುತ್ತಿದ್ದುದು ಹೆಚ್ಚಾಗಿ ಫಿಲ್ಮ್ಸ್ ಡಿವಿಷನ್ ಚಿತ್ರಗಳು. 1948ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸಂಸ್ಥೆ ತನ್ನ ಸಾಕ್ಷ್ಯಚಿತ್ರ, ವಾರ್ತಾಚಿತ್ರಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಡಬ್ ಮಾಡಿಸುತ್ತಿತ್ತು. ಒಂದು ರಾತ್ರಿಗೆ ಒಂದು ವಾರ್ತಾಚಿತ್ರ, ಒಂದು ಆರೋಗ್ಯದ್ದು, ಒಂದು ಕೃಷಿಯದ್ದು ಎಂದು ಸಾಲಾಗಿ ಬಿಡುತ್ತಿದ್ದರು. ಆದ್ದರಿಂದ ನೀವು ಒಂದೇ ಚಿತ್ರ ಎಂದುಕೊಂಡಿರುವುದು ಎರಡು ಮೂರು ಚಿತ್ರಗಳ ಬೆರಕೆ ಇರಬಹುದು. ಸೊಳ್ಳೆಯೂ ಅಣೆಕಟ್ಟೂ ಒಂದೇ ಸಿನಿಮಾದಲ್ಲಿದ್ದವು ಎಂದು ಯಾರಾದರೂ ಹೇಳಿದರೆ ಅನುಮಾನಿಸಿ.

ಟಾಕೀಸಿನ ಮುಖ್ಯ ಚಿತ್ರಕ್ಕೆ ಮುಂಚೆ. ಲೈಸೆನ್ಸ್ ಷರತ್ತಿನ ಪ್ರಕಾರ ಚಿತ್ರಮಂದಿರಗಳು ಅನುಮೋದಿತ ಕಿರುಚಿತ್ರ ತೋರಿಸಲೇಬೇಕಿತ್ತು. ಅವೂ ಹೆಚ್ಚಾಗಿ ಫಿಲ್ಮ್ಸ್ ಡಿವಿಷನ್‌ನವೇ. ಶಾಲೆಯಲ್ಲಿ ನೋಡಿದ್ದು ಎಂದು ನಂಬಿಕೊಂಡಿರುವ ಎಷ್ಟೋ ಚಿತ್ರಗಳನ್ನು ಜನ ನಿಜಕ್ಕೂ ನೋಡಿದ್ದು ರಾಜಕುಮಾರ್ ಸಿನಿಮಾದ ಮುಂಚೆ.

ಶಾಲೆ ತರಿಸಿದ ಎರವಲು ರೀಲು. ಹಗಲು, ಕಂಬಳಿ ಹೊದಿಸಿದ ಕಿಟಕಿ, ಶಾಲೆಯದೇ 16 ಎಂ.ಎಂ. ಪ್ರೊಜೆಕ್ಟರ್. ಇಷ್ಟು ಅನುಕೂಲ ಇದ್ದದ್ದು ದೊಡ್ಡ ಪ್ರೌಢಶಾಲೆಗಳಿಗೆ, ಕಾನ್ವೆಂಟುಗಳಿಗೆ. ಎನ್‌ಸಿಇಆರ್‌ಟಿಯ (ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ) ಕೇಂದ್ರ ಫಿಲ್ಮ್ ಲೈಬ್ರರಿ ಸದಸ್ಯ ಶಾಲೆಗಳಿಗೆ ರೀಲು ಕಳಿಸುತ್ತಿತ್ತು. ವಿದೇಶಿ ದೂತಾವಾಸಗಳ ಸಾಂಸ್ಕೃತಿಕ ಕಚೇರಿಗಳೂ ಕೊಡುತ್ತಿದ್ದವು: ಅಮೆರಿಕದ ವಾರ್ತಾ ಸೇವೆ, ಬ್ರಿಟಿಷ್ ಕೌನ್ಸಿಲ್, ಮ್ಯಾಕ್ಸ್ ಮುಲ್ಲರ್ ಭವನ. ಚಂದ್ರನ ಮೇಲೆ ನಡೆದವರ ಚಿತ್ರಗಳು ಬಹುಪಾಲು ಅಮೆರಿಕದವರ ಕೈಯಿಂದ ಬಂದವು. ಮಾತೇ ಇಲ್ಲದ, ಬರೀ ಸಂಗೀತದ ಕಾರ್ಟೂನ್ ಎಂದಾದರೆ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡನ್ನೂ ಪೂರ್ವ ಯುರೋಪಿನ ದೇಶಗಳನ್ನೂ ಪಟ್ಟಿಗೆ ಹಾಕಿ.

ಕಾಫಿ ಮಂಡಳಿ ಮತ್ತು ತೋಟಗಳು. ಕೊಡಗಿಗೇ ವಿಶೇಷವಾದ ದಾರಿ ಇದು. ಕಸಿ, ನೆರಳು ಕಡಿಯುವುದು, ಬೋರರ್ ಹುಳು, ಎಲೆ ತುಕ್ಕು ಇವುಗಳ ಚಿತ್ರವನ್ನು ಬೆಳೆಗಾರರಿಗೆಂದು ತೋರಿಸಿದಾಗ ಮಕ್ಕಳೂ ಮುಂದೆ ಕುಳಿತು ನೋಡಿರುತ್ತಾರೆ. ಆ ಚಿತ್ರಗಳನ್ನು ಶಾಲೆಯ ದಾರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಫಿ ಮಂಡಳಿಯ ವಿಸ್ತರಣಾ ವಿಭಾಗ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಬಾಳೆಹೊನ್ನೂರಿನ ಮುಖ್ಯ ಕೇಂದ್ರ, ಈ ಮೂರು ಕಡೆ ಕೇಳಬೇಕು.

ವಿಡಿಯೊ ಕ್ಯಾಸೆಟ್. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಶಾಲೆಗಳಿಗೆ ಟಿ.ವಿ., ಕ್ಯಾಸೆಟ್ ಬರತೊಡಗಿದವು. ಎನ್‌ಸಿಇಆರ್‌ಟಿಯ ಅಡಿಯಲ್ಲಿ 1984ರಲ್ಲಿ ರೂಪುಗೊಂಡ ಸಿಐಇಟಿ, ಅಂದರೆ ಕೇಂದ್ರ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆ, ಆ ಕಾಲದ ಮುಖ್ಯ ತಯಾರಕ. ಕೊಡಗಿನಲ್ಲಿ ಇದರ ಜಾಡು ಹಿಡಿಯಲು ಕೂಡಿಗೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಳ್ಳೆಯ ಜಾಗ.

ಭಾಷೆಯ ಬಗ್ಗೆ ಒಂದು ಮಾತು. ‘ನಿರೂಪಣೆ ಕನ್ನಡದಲ್ಲೇ ಇತ್ತು, ನನಗೆ ಚೆನ್ನಾಗಿ ನೆನಪಿದೆ’ ಎಂಬುದನ್ನು ಪೂರ್ತಿ ನಂಬಬೇಡಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು. ಕ್ಲಾಸಿನಲ್ಲಿ ಕನ್ನಡ ಅಥವಾ ಇಂಗ್ಲಿಷ್. ಇಂಗ್ಲಿಷ್ ಚಿತ್ರ ಓಡುವಾಗ ಮೇಷ್ಟ್ರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. ಮಗುವಿಗೆ ಉಳಿಯುವುದು ಅರ್ಥವಾದ ಮಾತು. ಹಾಗಾಗಿ ಭಾಷೆಯ ಕಾರಣಕ್ಕೆ ಯಾವ ದಾರಿಯನ್ನೂ ತಳ್ಳಿಹಾಕಬೇಡಿ.

ಹಂತ 4: ಇಸವಿಗೆ ಬೇಲಿ ಹಾಕಿ

ನೀವು ನೋಡಿದ ವರ್ಷ ಬೇರೆ, ಚಿತ್ರ ತಯಾರಾದ ವರ್ಷ ಬೇರೆ. ನಡುವೆ ಐದರಿಂದ ಇಪ್ಪತ್ತು ವರ್ಷದ ಅಂತರ ಸಾಮಾನ್ಯ, ಏಕೆಂದರೆ ಒಂದೇ ಪ್ರಿಂಟ್ ಹರಿಯುವವರೆಗೆ ಓಡುತ್ತಿತ್ತು. 1978ರಲ್ಲಿ ನೋಡಿದ್ದಾದರೆ 1958ರಿಂದಲೇ ಹುಡುಕಬೇಕು. ಚಿತ್ರ ಪೂರ್ತಿ ಕೆಂಪು ಬಣ್ಣಕ್ಕೆ ತಿರುಗಿತ್ತು ಎಂಬ ನೆನಪು ಬಹಳ ಉಪಯುಕ್ತ. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ನೀಲಿ, ಹಳದಿ ಬೇಗ ಮಾಸಿ ಕೆಂಪಷ್ಟೇ ಉಳಿಯುತ್ತದೆ. ಅಂದರೆ ನೀವು ನೋಡುವ ಹೊತ್ತಿಗೇ ಆ ಪ್ರಿಂಟ್ ಹಳತಾಗಿತ್ತು.

ಚಿತ್ರದೊಳಗಿನ ಕುರುಹುಗಳು ಹೀಗೆ ನೆರವಾಗುತ್ತವೆ:

– ನಿರೂಪಕ ‘ಮೈಸೂರು ರಾಜ್ಯ’ ಎಂದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ‘ಕೂರ್ಗ್ ರಾಜ್ಯ’ ಎಂದರೆ 1956ರ ನವೆಂಬರ್ 1ಕ್ಕೂ ಹಿಂದಿನದು.
– ‘ನಯಾಪೈಸೆ’ ಎಂಬ ಮಾತು ಬಂದರೆ 1957ರಿಂದ 1964ರ ಆಸುಪಾಸು.
– ಮನೆಮನೆಗೆ ಡಿ.ಡಿ.ಟಿ. ಹೊಡೆಯುವ ದೃಶ್ಯವಿದ್ದರೆ 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಅಥವಾ 1958ರ ನಿರ್ಮೂಲನ ಕಾರ್ಯಕ್ರಮದ ಕಾಲ.
– ಸಿಡುಬಿನ ಲಸಿಕೆ ಹಾಕಿಸಿಕೊಳ್ಳಿ ಎನ್ನುವ ಚಿತ್ರ 1970ರ ದಶಕದ ನಡುಭಾಗಕ್ಕಿಂತ ಈಚಿನದಿರಲಾರದು. ದೇಶದ ಕೊನೆಯ ಸಿಡುಬು ಪ್ರಕರಣಗಳು 1975ರವು.
– ಕಾಫಿ ಹಣ್ಣು ಕೊರೆಯುವ ಬೆರ್ರಿ ಬೋರರ್ ಬಗ್ಗೆ ಆಗಿದ್ದರೆ 1990ರ ನಂತರದ್ದು. ಭಾರತದಲ್ಲಿ ಆ ಕೀಟ ಮೊದಲು ಕಂಡದ್ದು ಆ ವರ್ಷ, ನೀಲಗಿರಿಯ ಗೂಡಲೂರಿನಲ್ಲಿ. ಕಾಂಡ ಕೊರೆಯುವ ಬೋರರ್ ಹಳೆಯ ಪಿಡುಗು, ಅದರಿಂದ ಕಾಲ ತಿಳಿಯದು. ಎರಡನ್ನೂ ಒಂದೇ ಮಾಡಿಕೊಂಡು ಮೂವತ್ತು ವರ್ಷ ತಪ್ಪುವ ಸಾಧ್ಯತೆ ಇದೆ.

ಕಪ್ಪುಬಿಳುಪೋ ಕಲರೋ ಎಂಬ ನೆನಪಿನ ಮೇಲೆ ಭಾರ ಹಾಕಬೇಡಿ. ನೆನಪು ತಾನಾಗಿ ಬಣ್ಣ ಹಚ್ಚುತ್ತದೆ.

ಹಂತ 5: ಸಹಪಾಠಿಗಳನ್ನು ಕೇಳುವ ಕ್ರಮ

ವಾಟ್ಸ್‌ಆ್ಯಪ್ ಗುಂಪಿಗೆ ‘ಆ ಸೊಳ್ಳೆ ಸಿನಿಮಾ ನೆನಪಿದೆಯಾ?’ ಎಂದು ಹಾಕಿದರೆ ಕೆಲಸ ಕೆಟ್ಟಿತು. ಎಲ್ಲರಿಗೂ ಸೊಳ್ಳೆ ‘ನೆನಪಾಗುತ್ತದೆ’. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡಿ, ‘ಶಾಲೆಯಲ್ಲಿ ಸಿನಿಮಾ ತೋರಿಸಿದ್ದು ನೆನಪಿದೆಯಾ, ಏನೇನು ನೆನಪಿದೆ?’ ಎಂದಷ್ಟೇ ಕೇಳಿ, ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ನೀವು ಬಾಯಿಬಿಡದೆ ಇಬ್ಬರು ಒಂದೇ ದೃಶ್ಯ ಹೇಳಿದರೆ ಅದಕ್ಕೆ ಸುತ್ತು ಹಾಕಿ, ಅದು ಗಟ್ಟಿ ಕುರುಹು. ಒಂದೆರಡು ಕ್ಲಾಸು ಮೇಲಿದ್ದವರನ್ನು ಕೇಳಲು ಮರೆಯಬೇಡಿ. ಮಕ್ಕಳಲ್ಲಿ ಎರಡು ವರ್ಷದ ವ್ಯತ್ಯಾಸವೆಂದರೆ ಹೆಸರು ನೆನಪಿಟ್ಟುಕೊಳ್ಳುವಷ್ಟು ವ್ಯತ್ಯಾಸ. ನಿವೃತ್ತ ವಿಜ್ಞಾನ ಮೇಷ್ಟ್ರು, ಪ್ರೊಜೆಕ್ಟರ್ ಹೊತ್ತು ತರುತ್ತಿದ್ದ ಜವಾನ, ಇವರಿಬ್ಬರಲ್ಲಿ ಒಬ್ಬರು ಸಿಕ್ಕರೂ ಪುಣ್ಯ.

ಶಾಲೆಯಲ್ಲಿ ಕೇಳಬೇಕಾದ ಕಾಗದಗಳು: ದಾಸ್ತಾನು ವಹಿ (ಪ್ರೊಜೆಕ್ಟರ್ ಇತ್ತೇ ಎಂದು ತಿಳಿಯಲು), ಆವಕ–ಜಾವಕ ವಹಿ (ರೀಲಿನ ಪಾರ್ಸೆಲ್ ಬಂದದ್ದು, ಹೋದದ್ದು), ವಾರ್ಷಿಕ ವರದಿ, ಶಾಲಾ ಸಂಚಿಕೆ. ಮುಖ್ಯೋಪಾಧ್ಯಾಯರಿಗೆ ಪತ್ರ ಕೊಟ್ಟು ಹೋಗಿ, ಪರೀಕ್ಷೆಯ ಹೊತ್ತು ಬಿಟ್ಟು ಹೋಗಿ. ಪ್ರದರ್ಶನ ಊರಿಗೆಲ್ಲ ತೆರೆದದ್ದಾಗಿದ್ದರೆ ಪತ್ರಿಕೆಯಲ್ಲಿ ಒಂದು ಗೆರೆ ಬಂದಿರಬಹುದು. ಮಡಿಕೇರಿಯ ‘ಶಕ್ತಿ’ 1957ರಿಂದ ಹೊರಬರುತ್ತಿದೆ. ಅದರ ಹಳೆಯ ಸಂಚಿಕೆಗಳಲ್ಲಿ ತಿಂಗಳು ಗೊತ್ತಿದ್ದರೆ ಮಾತ್ರ ಹುಡುಕಿ, ಇಲ್ಲದಿದ್ದರೆ ಮುಗಿಯದ ಕೆಲಸ.

ಹಂತ 6: ಈಗ ಹುಡುಕಾಟ

ಮೊದಲ ನಿಯಮ: ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಕನ್ನಡಕ್ಕೆ ಡಬ್ ಆದ ಚಿತ್ರವೂ ಪಟ್ಟಿಯಲ್ಲಿ ಇಂಗ್ಲಿಷ್ ಅಥವಾ ಹಿಂದಿ ಹೆಸರಿನಲ್ಲೇ ಇರುತ್ತದೆ. ಊರಿನ ಹೆಸರಿಗೆ ಹಳೆಯ ರೂಪ ಹಾಕಿ: ಕೊಡಗಿಗೆ ಕೂರ್ಗ್, ಮಡಿಕೇರಿಗೆ ಮರ್ಕೆರಾ, ಕಾವೇರಿಗೆ ಸಿ ಅಕ್ಷರದಿಂದ ಶುರುವಾಗುವ ಹಳೆಯ ಕಾಗುಣಿತ. ವಿಷಯಕ್ಕೂ ಆ ಕಾಲದ ಪದ ಬೇಕು. ‘ಪರಿಸರ’ ಎಂಬರ್ಥದ ಇಂಗ್ಲಿಷ್ ಪದಕ್ಕಿಂತ ಅರಣ್ಯ, ವನ್ಯಜೀವಿ, ಮಣ್ಣಿನ ಸವಕಳಿ ಎಂಬರ್ಥದ ಪದಗಳು 1960ರ ಚಿತ್ರಕ್ಕೆ ಸರಿಹೊಂದುತ್ತವೆ.

ಫಿಲ್ಮ್ಸ್ ಡಿವಿಷನ್ ಚಿತ್ರವೆಂಬ ಅನುಮಾನವಿದ್ದರೆ ಅದರ ಯೂಟ್ಯೂಬ್ ಚಾನೆಲ್‌ನಿಂದ ಶುರು ಮಾಡಿ. 2022ರಲ್ಲಿ ಈ ಸಂಸ್ಥೆ ಎನ್‌ಎಫ್‌ಡಿಸಿಯಲ್ಲಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ವಿಲೀನವಾಯಿತು. ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ, 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಎರಡೂ ಈಗ ಅದೇ ಸೂರಿನಡಿ ಇವೆ. ಹಳೆಯ ಲೇಖನಗಳಲ್ಲಿ ಸಿಗುವ ಜಾಲತಾಣದ ಕೊಂಡಿ ತೆರೆಯದಿದ್ದರೆ ಕಾರಣ ಇದೇ ಇರಬಹುದು. ಹೊಸ ಹೆಸರಿನಲ್ಲಿ ಹುಡುಕಿ.

ಬಲೆ ಎತ್ತಿಕೊಂಡು ಹಾರುವ ಹಕ್ಕಿಗಳ ಕಾರ್ಟೂನ್ ಕೇಳುವವರಿಗೆ ಉತ್ತರ ಸಿದ್ಧವಿದೆ: ‘ಏಕ್ ಅನೇಕ್ ಔರ್ ಏಕತಾ’, ಫಿಲ್ಮ್ಸ್ ಡಿವಿಷನ್, 1974. ದೂರದರ್ಶನದಲ್ಲಿ ಲೆಕ್ಕವಿಲ್ಲದಷ್ಟು ಸಲ ಬಂದದ್ದರಿಂದ ಶಾಲೆಯಲ್ಲಿ ನೋಡದವರಿಗೂ ಶಾಲೆಯಲ್ಲೇ ನೋಡಿದ ಹಾಗೆ ಅನಿಸುತ್ತದೆ.

ವಿದೇಶಿ ಚಿತ್ರಕ್ಕೆ ಮೊದಲ ಬಾಗಿಲು ಇಂಟರ್ನೆಟ್ ಆರ್ಕೈವ್. ಅಲ್ಲಿ ಪ್ರೆಲಿಂಗರ್ ಸಂಗ್ರಹ ಎಂಬ ವಿಭಾಗದಲ್ಲಿ ಅಮೆರಿಕದ ಹಳೆಯ ಶೈಕ್ಷಣಿಕ ಚಿತ್ರಗಳು ಸಾವಿರಾರು ಇವೆ. ಎಡಗಡೆಯ ಸೋಸುಪಟ್ಟಿಯಲ್ಲಿ ‘ಮೂವೀಸ್’ ಆರಿಸಿ, ಹಂತ 4ರ ಇಸವಿ ಹಾಕಿ. ಅಮೆರಿಕದ ವಾರ್ತಾ ಸೇವೆ ಹೊರದೇಶಗಳಿಗೆಂದೇ ಮಾಡಿಸಿದ ಚಿತ್ರಗಳನ್ನು ಆ ದೇಶದೊಳಗೆ ತೋರಿಸಲು ದಶಕಗಳ ಕಾಲ ಕಾನೂನಿನ ತಡೆಯಿತ್ತು. ಹೀಗಾಗಿ ಸಾಮಾನ್ಯ ಸಂಗ್ರಹಗಳಲ್ಲಿ ಅವು ಕಡಿಮೆ. ಅವು ಇರುವುದು ಅಮೆರಿಕದ ರಾಷ್ಟ್ರೀಯ ದಾಖಲಾಲಯದ ‘ರೆಕಾರ್ಡ್ ಗ್ರೂಪ್ 306’ ಎಂಬ ಶ್ರೇಣಿಯಲ್ಲಿ. ಕ್ಯಾಟಲಾಗ್ ಆನ್‌ಲೈನ್ ಇದೆ, ಹಲವಕ್ಕೆ ವಿವರಣೆ ಮಾತ್ರ ಸಿಗುತ್ತದೆ, ವಿಡಿಯೊ ಇರುವುದಿಲ್ಲ. ಕೆನಡಾ ಫಿಲ್ಮ್ ಬೋರ್ಡ್ ತನ್ನ ಹಳೆಯ ಚಿತ್ರಗಳಲ್ಲಿ ಬಹಳಷ್ಟನ್ನು ಸ್ವಂತ ಜಾಲತಾಣದಲ್ಲಿ ಉಚಿತವಾಗಿ ತೋರಿಸುತ್ತದೆ. ಸಿಐಇಟಿ ಮತ್ತು ಪ್ರಸಾರ ಭಾರತಿ ಆರ್ಕೈವ್ಸ್‌ಗೆ ಯೂಟ್ಯೂಬ್ ಚಾನೆಲ್‌ಗಳಿವೆ.

ಒಂದು ಎಚ್ಚರಿಕೆ. ಚಾಟ್‌ಬಾಟ್‌ಗಳನ್ನು ಕೇಳಿದರೆ ಅವು ಹೆಸರು, ಇಸವಿ, ನಿರ್ದೇಶಕ ಎಲ್ಲವನ್ನೂ ಸಲೀಸಾಗಿ ಕೊಡುತ್ತವೆ. ಅಂಥ ಚಿತ್ರ ಇಲ್ಲದೆಯೂ ಇರಬಹುದು. ಯಾವುದಾದರೂ ಸಂಸ್ಥೆಯ ಪಟ್ಟಿಯಲ್ಲಿ ಆ ಹೆಸರು ಕಣ್ಣಿಗೆ ಬೀಳುವವರೆಗೆ ಅದನ್ನು ನೋಟ್‌ಬುಕ್ಕಿಗೆ ಏರಿಸಬೇಡಿ. ಹುಡುಕುಪದಗಳ ಇಂಗ್ಲಿಷ್ ಪರ್ಯಾಯ ಕೇಳಲು ಬಳಸಿದರೆ ತೊಂದರೆಯಿಲ್ಲ.

ಹಂತ 7: ಸಿಕ್ಕಿದ್ದು ಅದೇನಾ?

ಮೊದಲ ಸಲ ಧ್ವನಿ ಆರಿಸಿ ನೋಡಿ. ಯೂಟ್ಯೂಬ್‌ನಲ್ಲಿರುವುದು ಹಿಂದಿ ಅಥವಾ ಇಂಗ್ಲಿಷ್ ಆವೃತ್ತಿ ಇರಬಹುದು. ಬೇರೆ ದನಿ ಕಿವಿಗೆ ಬಿದ್ದ ಕೂಡಲೇ ‘ಇದಲ್ಲ’ ಎಂದು ಮನಸ್ಸು ಮುಚ್ಚಿಕೊಳ್ಳುತ್ತದೆ. ಡಬ್ ಆದ ಆವೃತ್ತಿಗಳಲ್ಲಿ ಚಿತ್ರ ಒಂದೇ.

ನೋಡುವಾಗ ಹಂತ 1ರ ಎಡಗಡೆಯ ಸಾಲುಗಳಿಗೆ ಗುರುತು ಹಾಕುತ್ತಾ ಹೋಗಿ. ಎಲ್ಲ ಚಿತ್ರದಲ್ಲೂ ಬರುವಂಥ ದೃಶ್ಯ ಹೊಂದಿದರೆ ಲೆಕ್ಕಕ್ಕಿಲ್ಲ. ಸೊಳ್ಳೆ ಚಿತ್ರವನ್ನೇ ತೆಗೆದುಕೊಳ್ಳಿ. ನಿಂತ ನೀರು, ಸೊಳ್ಳೆಪರದೆ, ಔಷಧಿ ಸಿಂಪಡಿಸುವವನು ಮಲೇರಿಯಾದ ಯಾವ ಚಿತ್ರದಲ್ಲಿಲ್ಲ? ಆದರೆ ಕುಳ್ಳರ ಗುಂಪೊಂದು ಸೊಳ್ಳೆ ಓಡಿಸುವ ಕೆಲಸಕ್ಕೆ ಇಳಿಯುವ ಕಾರ್ಟೂನ್ ನಿಮಗೆ ನೆನಪಿದ್ದರೆ ಅದು ಡಿಸ್ನಿ ಸ್ಟುಡಿಯೊ 1943ರಲ್ಲಿ ಮಾಡಿದ ‘ದ ವಿಂಗ್ಡ್ ಸ್ಕರ್ಜ್’, ಸ್ನೋವೈಟ್ ಕಥೆಯ ಅದೇ ಏಳು ಕುಳ್ಳರು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಇಂಥ ಒಂದು ವಿಚಿತ್ರ ದೃಶ್ಯ ಹತ್ತು ಸಾಮಾನ್ಯ ದೃಶ್ಯಗಳಿಗಿಂತ ಹೆಚ್ಚು ತೂಗುತ್ತದೆ.

ಅವಧಿಯನ್ನೂ ಪರೀಕ್ಷಿಸಿ. 16 ಎಂ.ಎಂ. ಫಿಲ್ಮ್ ನಿಮಿಷಕ್ಕೆ 36 ಅಡಿ ಓಡುತ್ತದೆ, 400 ಅಡಿಯ ಚಿಕ್ಕ ರೀಲು ಸುಮಾರು 11 ನಿಮಿಷ. ನಡುವೆ ಒಮ್ಮೆ ದೀಪ ಹಾಕಿ ರೀಲು ಬದಲಿಸಿದ್ದರೆ ಚಿತ್ರ 20 ನಿಮಿಷದ ಆಸುಪಾಸಿನದು ಇರಬಹುದು, ಅಥವಾ ಅಲ್ಲಿಗೆ ಒಂದು ಮುಗಿದು ಇನ್ನೊಂದು ಶುರುವಾಗಿರಬಹುದು. ಶುರುವಿನ ಸೆನ್ಸಾರ್ ಸರ್ಟಿಫಿಕೇಟ್ ಕಂಡರೆ ವಿಡಿಯೊ ನಿಲ್ಲಿಸಿ ಓದಿ: ಭಾಷೆ, ರೀಲುಗಳ ಸಂಖ್ಯೆ, ಉದ್ದ, ತಾರೀಖು ಅಲ್ಲೇ ಇರುತ್ತವೆ. ಮೀಟರಿನಲ್ಲಿರುವ ಉದ್ದವನ್ನು 35 ಎಂ.ಎಂ. ಆದರೆ 27.4ರಿಂದ, 16 ಎಂ.ಎಂ. ಆದರೆ 11ರಿಂದ ಭಾಗಿಸಿದರೆ ನಿಮಿಷ ಬರುತ್ತದೆ. ತಾರೀಖು ಮಸುಕಾಗಿದ್ದರೆ ಸೆನ್ಸಾರ್ ಮಂಡಳಿಯ ಹೆಸರು ನೋಡಿ. ‘ಸೆನ್ಸಾರ್ಸ್’ ಎಂದಿದ್ದರೆ 1983ಕ್ಕೆ ಮುಂಚೆ, ‘ಸರ್ಟಿಫಿಕೇಷನ್’ ಎಂದಿದ್ದರೆ ಆಮೇಲೆ. ಯೂಟ್ಯೂಬ್ ಅವಧಿ ಶೇಕಡಾ 4ರಷ್ಟು ಕಡಿಮೆ ಬಂದರೆ ಗಾಬರಿ ಬೇಡ. ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು 25ರ ವೇಗದ ವಿಡಿಯೊಗೆ ಇಳಿಸಿದಾಗ ಹಾಗಾಗುತ್ತದೆ.

ಹಂತ 8: ಪತ್ರ ಬರೆಯುವುದು

ಆನ್‌ಲೈನ್‌ನಲ್ಲಿ ಸಿಗದಿದ್ದರೆ ಎನ್‌ಎಫ್‌ಡಿಸಿ, ಸಿಐಇಟಿ, ವಾರ್ತಾ ಇಲಾಖೆ, ಕಾಫಿ ಮಂಡಳಿ ಇವುಗಳಲ್ಲಿ ನಿಮ್ಮ ದಾರಿಗೆ ಸೇರಿದ ಒಂದಕ್ಕೆ ಇ–ಮೇಲ್ ಬರೆಯಿರಿ. ಬಾಲ್ಯದ ಸವಿನೆನಪಿನ ವರ್ಣನೆ ಬೇಡ, ಓದುವವರಿಗೆ ಬೇಕಾದದ್ದು ಪಟ್ಟಿಯಲ್ಲಿ ಹುಡುಕಲು ಬರುವಂಥ ವಿವರ. ಮಾದರಿ:

‘1971–74ರ ನಡುವೆ ಕೊಡಗು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ರಾತ್ರಿ ಪ್ರದರ್ಶನವಾದ 16 ಎಂ.ಎಂ. ಕಪ್ಪುಬಿಳುಪು ಸಾಕ್ಷ್ಯಚಿತ್ರ. ವಿಷಯ: ಮಣ್ಣಿನ ಸವಕಳಿ. ಅವಧಿ 10ರಿಂದ 20 ನಿಮಿಷ. ನಿರೂಪಣೆ ಕನ್ನಡ ಇರಬಹುದು. ಗುರುತಿನ ದೃಶ್ಯ: ಇಳಿಜಾರಿನಲ್ಲಿ ಹುಡುಗ ಬಕೆಟ್ ನೀರು ಸುರಿಯುವುದು. 1950–1974ರ ಪಟ್ಟಿಯಲ್ಲಿ ಈ ವಿಷಯದ ಚಿತ್ರಗಳ ಹೆಸರು, ವರ್ಷ, ಪ್ರತಿ ಲಭ್ಯವಿದೆಯೇ ಎಂಬುದನ್ನು ತಿಳಿಸಿ.’

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಂದ್ರದ ಸಂಸ್ಥೆಗಳಿಗೆ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ರಾಜ್ಯದ ಇಲಾಖೆಗಾದರೆ ಕರ್ನಾಟಕದ ನಿಯಮ ನೆನಪಿಡಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಈ ಚಿತ್ರ ಯಾವುದು?’ ಎಂದು ಕೇಳಿದರೆ ಅದು ದಾಖಲೆಯಲ್ಲ, ಊಹೆ ಎಂದು ತಿರಸ್ಕರಿಸಬಹುದು. ‘ಇಂತಿಂಥ ವರ್ಷಗಳ ಚಿತ್ರಪಟ್ಟಿಯ ಪ್ರತಿ ಕೊಡಿ’ ಎಂದು ಕೇಳಿ.

ಹಂಚಿಕೊಳ್ಳುವ ಮುನ್ನ ಕಾಪಿರೈಟ್ ಲೆಕ್ಕ ಹಾಕಿಕೊಳ್ಳಿ. ಭಾರತದಲ್ಲಿ ಚಲನಚಿತ್ರಕ್ಕೂ ಸರ್ಕಾರಿ ಕೃತಿಗೂ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ. 1960ರ ಚಿತ್ರದ್ದು 2020ರ ಕೊನೆಗೆ ಮುಗಿಯಿತು. ಅವಧಿ ಮುಗಿಯದ ಚಿತ್ರವಾದರೆ ಗುಂಪಿಗೆ ಕೊಂಡಿ ಕಳಿಸಿ, ಇಳಿಸಿಕೊಂಡು ಮರಳಿ ಹಾಕಬೇಡಿ.

ಹಂತ 9: ರೀಲೇ ಕೈಗೆ ಸಿಕ್ಕರೆ

ಶಾಲೆಯ ಅಟ್ಟದಲ್ಲೋ ಎಸ್ಟೇಟ್ ಬಂಗಲೆಯ ಪೆಟ್ಟಿಗೆಯಲ್ಲೋ ರೀಲು ಸಿಗುವುದುಂಟು. ಸಿಕ್ಕ ಸಂತೋಷಕ್ಕೆ ಪ್ರೊಜೆಕ್ಟರ್‌ಗೆ ಹಾಕಿ ಓಡಿಸಿದರೆ ಕಥೆ ಮುಗಿಯಿತು. ಹಳೆಯ ಅಸಿಟೇಟ್ ಫಿಲ್ಮ್ ಕುಗ್ಗಿರುತ್ತದೆ, ಹಲ್ಲಿನ ಚಕ್ರಕ್ಕೆ ಅಂಚಿನ ತೂತುಗಳು ಹೊಂದದೆ ಉದ್ದಕ್ಕೂ ಹರಿದುಹೋಗುತ್ತದೆ.

ಡಬ್ಬಿ ತೆರೆದ ಕೂಡಲೇ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಆಧಾರವೇ ಕೊಳೆಯುತ್ತಿದೆ. ಆ ಆವಿ ಪಕ್ಕದ ರೀಲುಗಳನ್ನೂ ಹಾಳು ಮಾಡುವುದರಿಂದ ಅದನ್ನು ಬೇರೆ ಇಡಿ. ಕೊಡಗಿನ ತೇವದಲ್ಲಿ ಇನ್ನೊಂದು ಶತ್ರು ಬೂಷ್ಟು: ಸುರುಳಿಯ ಅಂಚಿನಲ್ಲಿ ಬಿಳಿ ಹತ್ತಿಯಂಥ ಎಳೆಗಳು. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬೂಷ್ಟು ತಿಂದ ಜಾಗದಲ್ಲಿ ಚಿತ್ರದ ಪದರವೇ ಕರಗಿ ಬರುತ್ತದೆ. ಬಿಸಿಲಿಗೆ ಇಡಬೇಡಿ, ಒಲೆಯ ಮೇಲಿನ ಅಟ್ಟ ಬೇಡ, ನುಸಿಗುಳಿಗೆಯೂ ಬೇಡ. ತುಕ್ಕು ಹಿಡಿದ ತಗಡಿನ ಡಬ್ಬಿಯಿಂದ ತೆಗೆದು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮನೆಯ ಅತಿ ಒಣಗಿದ, ತಂಪಾದ ಕೋಣೆಯಲ್ಲಿ ಮಲಗಿಸಿಡಿ. ಮಳೆಗಾಲದಲ್ಲಿ ಬಿಚ್ಚುವ, ಕಳಿಸುವ ಕೆಲಸ ಇಟ್ಟುಕೊಳ್ಳದಿರುವುದು ಲೇಸು. ಅನಿವಾರ್ಯವಾದರೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಯಾಗಿ ಕಟ್ಟಿ. ಕ್ಯಾಸೆಟ್‌ಗೂ ಇದೇ ಮಾತು: ಅದರ ಪುಟ್ಟ ಕಿಟಕಿಯಲ್ಲಿ ಬಿಳಿ ಪುಡಿ ಕಂಡರೆ ವಿಸಿಆರ್‌ಗೆ ತುರುಕಬೇಡಿ. ಟೇಪೂ ಹೋಗುತ್ತದೆ, ಹೆಡ್ಡೂ ಹೋಗುತ್ತದೆ.

ಮೊದಲ ಒಂದೆರಡು ಮಾರು ಮಾತ್ರ ಹತ್ತಿಯ ಕೈಗವಸು ಹಾಕಿ, ಅಂಚು ಹಿಡಿದು ಬಿಚ್ಚಿ, ಬಿಳಿ ಕಾಗದದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಹೆಸರು, ಸರ್ಟಿಫಿಕೇಟ್ ಅಲ್ಲೇ ಇರುತ್ತವೆ. ಅಂಚಿನಲ್ಲಿ ಫಿಲ್ಮ್ ಕಂಪನಿಯ ಅಚ್ಚೂ ಇರಬಹುದು. ಉದಕಮಂಡಲದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಎಂದಿದ್ದರೆ 1960ರ ದಶಕದ ಕೊನೆಯ ನಂತರದ ಫಿಲ್ಮ್. ಕೊಡಾಕ್ ಆದರೆ ಚೌಕ, ವೃತ್ತ, ತ್ರಿಕೋನಗಳ ಗುರುತು ವರ್ಷ ಹೇಳುತ್ತದೆ. ಆ ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುವುದರಿಂದ 1956 ಎಂದು ಓದಿದ್ದು 1976 ಆಗಿರಬಹುದು. ಅಲ್ಲದೆ ಅದು ಈ ಪ್ರಿಂಟಿನ ಕಚ್ಚಾ ಫಿಲ್ಮ್ ತಯಾರಾದ ವರ್ಷ, ಚಿತ್ರ ತಯಾರಾದ ವರ್ಷವಲ್ಲ.

ಡಿಜಿಟಲ್ ಮಾಡಿಸುವಾಗ ಗೋಡೆಗೆ ಬಿಟ್ಟು ಫೋನಿನಲ್ಲಿ ಚಿತ್ರೀಕರಿಸಿ ಕೊಡುವವರ ಹತ್ತಿರ ಹೋಗಬೇಡಿ. ಹಲ್ಲಿನ ಚಕ್ರವಿಲ್ಲದೆ, ರೋಲರ್ ಮೇಲೆ ಓಡಿಸುವ ಸ್ಕ್ಯಾನರ್ ಇದೆಯೇ ಎಂದು ಕೇಳಿ. ಕುಗ್ಗಿದ ಫಿಲ್ಮಿಗೆ ಅದೇ ಬೇಕು. 16 ಎಂ.ಎಂ.ಗೆ 2ಕೆ (ಅಡ್ಡಕ್ಕೆ ಸುಮಾರು 2,000 ಚುಕ್ಕೆಗಳ) ಸ್ಕ್ಯಾನ್ ಸಾಕು. ಅಂಚಿನ ಧ್ವನಿಪಟ್ಟಿಯನ್ನು (ಫಿಲ್ಮಿನ ಮೇಲೆಯೇ ಬೆಳಕಿನ ಗೆರೆಯಾಗಿ ಅಚ್ಚಾದ ಶಬ್ದ) ಜೊತೆಗೇ ಓದಿಸಿ, ಸೆಕೆಂಡಿಗೆ 24 ಚೌಕಟ್ಟು ಹಾಗೇ ಉಳಿಸಲು ಹೇಳಿ, ದೊಡ್ಡ ಮೂಲ ಕಡತವನ್ನೂ ನೋಡಲು ಚಿಕ್ಕ ಎಂಪಿ4 ಅನ್ನೂ ಎರಡೂ ಕೇಳಿ ಪಡೆಯಿರಿ. ಶುರುವಿನ ಸರ್ಟಿಫಿಕೇಟ್, ಖಾಲಿ ಫಿಲ್ಮಿನ ಮೇಲೆ ಕೈಯಲ್ಲಿ ಬರೆದ ನಂಬರ್, ಕೊನೆಯ ಗೀಚು ಇವನ್ನೆಲ್ಲ ‘ಕಸ’ ಎಂದು ಕತ್ತರಿಸಿ ಕೊಡುವ ಅಭ್ಯಾಸ ಕೆಲವರಿಗಿದೆ. ಒಂದು ಚೌಕಟ್ಟನ್ನೂ ಬಿಡಬಾರದು ಎಂದು ಕೆಲಸ ಕೊಡುವಾಗಲೇ ಬರೆದುಕೊಡಿ.